ಪೈಲಟ್ ಮನೆಯ ರೇಡಿಯೋ

ವಿಮಾನ ಓಡಿಸುವವರ ಆಕ್ಸಿಜನ್ ಮಾಸ್ಕುಗಳನ್ನು ಗೋಡೆ ತುಂಬ ನೇತುಹಾಕಿಕೊಂಡು ಅರ್ಧ ಆಯಸ್ಸು ಕಳೆದ ಮನುಷ್ಯನ ಹೆಂಡತಿ, ತನ್ನ ಜೀವ ಉಳಿಸುವ ಒಂದೇ ಒಂದು ಮಾಸ್ಕನ್ನು ಮುಖಕ್ಕೆ ಹಾಕಿಕೊಳ್ಳಲೊಲ್ಲೆ ಎಂದು ಹಟ ಹಿಡಿದರೆ ಏನನ್ನಬೇಕು? ನಗಬೇಕೋ ಅಳಬೇಕೋ ಬೀದಿಯವರಿಗೆ ತಿಳಿಯಲಿಲ್ಲ. ಡಾಕ್ಟರು ಸುತ್ತುಬಳಸದೆ ಹೇಳಿದ್ದರು. ದಿನದ ಹೆಚ್ಚು ಹೊತ್ತು ಮಾಸ್ಕ್ ಹಾಕಿಕೊಂಡಿದ್ದರೆ ಇನ್ನೂ ಕೆಲವು ವರ್ಷ ಇರುತ್ತಾರೆ, ಇಲ್ಲದಿದ್ದರೆ ಈ ಚಳಿಗಾಲ ದಾಟುವುದೇ ಕಷ್ಟ. ಅಷ್ಟು ಕೇಳಿಯೂ ಅವಳು ಆ ಪ್ಲಾಸ್ಟಿಕ್ ಮಾಸ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಮಂಚದ ಕಂಬಕ್ಕೆ ಸಿಕ್ಕಿಸಿದಳು, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಮಾತು ಮುಂದುವರಿಸಿದಳು.

ಮಾತು ಅಂದರೆ ಅವಳದು. ಬೀದಿಯಲ್ಲಿ ಅವಳಿಗಿದ್ದ ಹೆಸರೇ ರೇಡಿಯೋ. ಬೆಳಗ್ಗೆ ಹಾಲಿನವನು ಬಂದಾಗ ಶುರುವಾದರೆ ದೀಪ ಆರಿಸುವವರೆಗೂ ನಿಲ್ಲದು. ಅವಳ ಗಂಡನಿಗೆ ಪೈಲಟ್ ಎಂದು ಹೆಸರು. ಹೆಸರು ಕೇಳಿ ಮೋಸ ಹೋಗಬೇಡಿ, ಆ ಪುಣ್ಯಾತ್ಮ ವಿಮಾನದ ಮೆಟ್ಟಿಲು ಕೂಡ ತುಳಿದವನಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಗ್ಯಾಸ್ ಒಲೆ, ಕುಕ್ಕರ್ ರಿಪೇರಿ ಮಾಡುವವನು. ಮೋಟು ಸ್ಟೂಲು, ಕಾಲ ಸಂದಿಯಲ್ಲಿ ಒಲೆ, ಪಕ್ಕದಲ್ಲಿ ಸೋಪಿನ ನೊರೆಯ ಬಟ್ಟಲು. ಪೈಪಿನ ಸಂದಿಗೆ ನೊರೆ ಹಚ್ಚಿ, ಗುಳ್ಳೆ ಏಳುತ್ತದೋ ಇಲ್ಲವೋ ಎಂದು ಬಗ್ಗಿ ನೋಡುವುದೇ ಅವನ ಜೀವನ. ಗುಳ್ಳೆ ಎದ್ದರೆ ಲೀಕು, ಇಲ್ಲದಿದ್ದರೆ ನೆಮ್ಮದಿ. ಆ ಕೆಲಸಕ್ಕೆ ಕಣ್ಣು ಬೇಕು, ಕಿವಿ ಬೇಕು, ಬಾಯಿ ಬೇಡ. ಹಾಗಾಗಿ ಅವನ ಬಾಯಿಂದ ಬರುತ್ತಿದ್ದುದು ಹೆಚ್ಚೆಂದರೆ ಒಂದು ‘ಹೂಂ’. ಒಪ್ಪಿಗೆಯ ಹೂಂ ಯಾವುದು, ಹಸಿವಿನ ಹೂಂ ಯಾವುದು, ಕೇಳಿಸಿಕೊಳ್ಳದೆಯೇ ಅಂದ ಹೂಂ ಯಾವುದು ಎಂದು ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು.

ಈ ಮಾಸ್ಕುಗಳ ಹುಚ್ಚು ಹಿಡಿದದ್ದು ಮದುವೆಯಾದ ಹೊಸತರಲ್ಲಿ. ಹಳೆಯ ಹಿತ್ತಾಳೆ ಬರ್ನರ್ ಹುಡುಕಲು ಗುಜರಿ ಅಂಗಡಿಗೆ ಹೋಗಿದ್ದ. ಹರಿದ ಟಾರ್ಪಾಲಿನ ರಾಶಿಯೊಳಗೆ ಹಸಿರು ರಬ್ಬರಿನದೊಂದು ಮೂತಿ ಕಾಣಿಸಿತು, ಅದಕ್ಕೆ ಸುಕ್ಕುಸುಕ್ಕಾದ ಉದ್ದನೆಯ ಕೊಳವೆ. ಹಸುವಿನ ಹಾಲು ಹಿಂಡುವ ಯಂತ್ರದ್ದಿರಬೇಕು ಎಂದ ಗುಜರಿಯವನು. ಇವನು ತಿರುಗಿಸಿ ಒಳಗೆ ಇಣುಕಿದರೆ ತೆಳ್ಳನೆಯ ರಬ್ಬರಿನ ಎಲೆಯಂಥ ವಾಲ್ವು. ಎಳೆದರೆ ತೆರೆಯುತ್ತದೆ, ಊದಿದರೆ ಮುಚ್ಚುತ್ತದೆ. ಇದು ಕುಕ್ಕರಿನ ವಾಲ್ವಿಗೆ ಅಣ್ಣನೋ ತಮ್ಮನೋ ಆಗಲೇಬೇಕು ಅನ್ನಿಸಿತು ಅವನಿಗೆ. ಅಂಗಡಿಯ ಮಧ್ಯದಲ್ಲೇ ನಿಂತು ಮುಖಕ್ಕೆ ಒತ್ತಿಕೊಂಡ. ಹಳೆಯ ರಬ್ಬರಿನ ವಾಸನೆ, ಅದರ ಹಿಂದೆ ಯಾರದೋ ಬೆವರಿನ ವಾಸನೆ, ತನ್ನದೇ ಉಸಿರಿನ ಸದ್ದು ತನ್ನ ಕಿವಿಗೇ ದೊಡ್ಡದಾಗಿ. ಗಾಳಿಯೇ ಸಾಲದ ಎತ್ತರದಲ್ಲಿ ಯಾವನೋ ಒಬ್ಬ ಇದೇ ಎಲೆಯನ್ನು ನಂಬಿಕೊಂಡು ಕೂತಿದ್ದನಲ್ಲ ಎಂದು ಯೋಚಿಸಿದ, ಮೈ ಜುಂ ಎಂದಿತು.

ಮನೆಗೆ ತಂದಾಗ ಹೆಂಡತಿ ಮೂಗು ಮುರಿದಳು. ಯಾರ ಎಂಜಲೋ ಏನೋ, ಹೋಗಿ ಮೂತಿಗೆ ಇಟ್ಟುಕೊಂಡಿರಾ ಎಂದು ಬೈದು, ಅದನ್ನು ಕಿತ್ತುಕೊಂಡು ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ತೊಳೆದವಳು ಸುಮ್ಮನಿರಬೇಕಲ್ಲ, ಒರೆಸಿ ತಾನೇ ಹಾಕಿಕೊಂಡು ಮಾತಾಡಲು ಹೋದಳು. ಮಾತು ಮಡಕೆಯೊಳಗಿಂದ ಬಂದಂತೆ ಗುಂಯ್‌ಗುಟ್ಟಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವಾರವೇ ಅವನು ಮತ್ತೆ ಗುಜರಿಗೆ ಹೋದ.

ಆಮೇಲೆ ಹೇಳುವುದೇನು, ಒಂದರ ಹಿಂದೊಂದು ಬರತೊಡಗಿದವು. ಒಳಗೆ ಕುರಿಯ ಉಣ್ಣೆ ಇರುವ ಕಂದು ಚರ್ಮದ ಟೊಪ್ಪಿಗೆಗಳು, ಕಿವಿಯ ಜಾಗದಲ್ಲಿ ಪುಟ್ಟ ಬಟ್ಟಲಿನಂಥ ಇಯರ್‌ಫೋನು ಇರುವಂಥವು. ಹಣೆಯ ಹತ್ತಿರ ಬಿಳಿ ಬಣ್ಣ ಚಕ್ಕೆ ಎದ್ದ ಗಟ್ಟಿ ಹೆಲ್ಮೆಟ್ಟುಗಳು, ಅವುಗಳ ಕಪ್ಪು ಕನ್ನಡಿಯ ಮೇಲೆ ಯಾವುದೋ ಹಳೆಯ ಗೀರು. ಕೆಲವದರ ಒಳಗೆ ಮಸಿಯಲ್ಲಿ ಬರೆದ ಹೆಸರು ಅರ್ಧ ಅಳಿಸಿಹೋಗಿರುತ್ತಿತ್ತು. ಇಡಲು ತಲೆಗಳೆಲ್ಲಿಂದ ತರುವುದು? ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಹಳೆಯ ಕುಕ್ಕರುಗಳು ರಾಶಿ ಬಿದ್ದಿದ್ದವು. ಅವನ್ನೇ ಬೋರಲು ಹಾಕಿ ಕಪಾಟಿನ ಮೇಲೆ ಸಾಲಾಗಿ ಇಟ್ಟು ಹೆಲ್ಮೆಟ್ಟು ತೊಡಿಸಿದ. ದೂರದಿಂದ ನೋಡಿದರೆ ಒಂದು ಪಡೆಯೇ ಬಂದು ಊಟಕ್ಕೆ ಕೂತಂತಿತ್ತು. ಮನೆಮನೆ ಎಣಿಸುತ್ತ ಬಂದ ಸರ್ಕಾರಿ ಗುಮಾಸ್ತನೊಬ್ಬ ಬಾಗಿಲಲ್ಲೇ ನಿಂತು, ನಿಮ್ಮಲ್ಲಿ ವಿಮಾನದಲ್ಲಿರುವವರು ಯಾರು ಎಂದು ಕೇಳಿದ್ದಕ್ಕೆ ಅವಳು, ನಾವೆಲ್ಲ ನೆಲದ ಮೇಲೇ ಇದ್ದೀವಿ, ನಮ್ಮ ಕುಕ್ಕರುಗಳು ಮಾತ್ರ ಹಾರಾಡಿಕೊಂಡಿವೆ ಎಂದಿದ್ದಳು.

ರಬ್ಬರು ಬಿಸಿಲಿಗೆ ಸೀಳುತ್ತದೆ, ಎಣ್ಣೆಗೆ ಕೊಳೆಯುತ್ತದೆ. ಅದಕ್ಕೆ ಬೇಕಾದ್ದು ಪೌಡರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ ಹೆಂಡತಿ ಚಾಪೆ ಹಾಸಿ ಕೂತು ಮಾಸ್ಕುಗಳಿಗೆಲ್ಲ ಪೌಡರು ಬಳಿಯುತ್ತಿದ್ದರು. ಅದೂ ಅವಳ ಮುಖದ ಪೌಡರೇ. ಇವಳೇನು ಮೂರು ಹೊತ್ತೂ ಕನ್ನಡಿ ಮುಂದೆ ಕೂತಿರುತ್ತಾಳಾ, ಡಬ್ಬಿ ಮೇಲೆ ಡಬ್ಬಿ ಒಯ್ಯುತ್ತಾಳಲ್ಲ ಎಂದು ಅಂಗಡಿಯವನು ಬೆರಗಾಗುತ್ತಿದ್ದ. ಗಂಡ ವಾಲ್ವು ಬಿಚ್ಚಿ ಒರೆಸುತ್ತಿದ್ದ, ಅವಳು ಮೂತಿಯೊಳಗೆ ಹಳೆ ಬಟ್ಟೆಯ ಉಂಡೆ ತುರುಕಿ ಆಕಾರ ಕೂರಿಸುತ್ತಿದ್ದಳು, ಬಾಯಿ ಮಾತ್ರ ಬಿಡುವಿಲ್ಲದೆ ಓಡುತ್ತಿತ್ತು. ಬೀದಿಯ ಸುದ್ದಿ, ತವರಿನ ಸುದ್ದಿ, ಹುಟ್ಟಿದವರು ಹೋದವರು ಎಲ್ಲ ಅದರಲ್ಲಿ. ರಾಶಿ ಈರುಳ್ಳಿ ಹೆಚ್ಚುವ ದಿನ ಬಂದರಂತೂ ದೊಡ್ಡ ಕನ್ನಡಕದ ಸಮೇತ ಚರ್ಮದ ಟೊಪ್ಪಿಗೆ ಹಾಕಿಕೊಂಡು ಕೂರುತ್ತಿದ್ದಳು. ಮಗಳು ಶಾಲೆಯಿಂದ ಬಂದವಳು ಅಮ್ಮನನ್ನು ನೋಡಿ, ಇವತ್ತು ಯುದ್ಧವಾ ಎಂದು ಕೇಳುತ್ತಿದ್ದಳು. ಎಂಥಾ ದಿನಗಳವು! ಆ ಪೌಡರಿನ ವಾಸನೆಗೇ ಆ ಮನೆಯ ಭಾನುವಾರಗಳೆಲ್ಲ ಅಂಟಿಕೊಂಡಿವೆ.

ಮಗಳು ದೊಡ್ಡವಳಾಗಿ, ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಅವಳೇ ಮೊದಲು ಗಮನಿಸಿದ್ದು, ಅಮ್ಮ ವಾಕ್ಯದ ಮಧ್ಯೆ ನಿಲ್ಲುತ್ತಿದ್ದಾಳೆ ಎಂದು. ಮಾತು ಹುಡುಕಿಕೊಂಡು ನಿಲ್ಲುವವಳಲ್ಲ ಅವಳು. ಉಸಿರು ಹುಡುಕಿಕೊಂಡು ನಿಲ್ಲುತ್ತಿದ್ದಳು. ಪರೀಕ್ಷೆ ಮಾಡಿಸಿದರೆ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ ಎಂದರು. ಮೊದಲು ಮೂಗಿಗೆ ಸಿಕ್ಕಿಸುವ ಸಣ್ಣ ನಳಿಗೆ ಕೊಟ್ಟರು. ಅದು ಸಾಲದಾಯಿತು. ಆಮೇಲೆ ಮನೆಗೆ ಆಕ್ಸಿಜನ್ ಕೊಡುವ ಯಂತ್ರ ಬಂತು, ಮಂಚದ ಪಕ್ಕ ಪುಟ್ಟ ಪೆಟ್ಟಿಗೆಯಷ್ಟು ಎತ್ತರ, ಸದಾ ಗುರ್ ಎನ್ನುವುದು. ಅದರ ಜೊತೆಗೆ ಬಂದದ್ದೇ ಈ ಪ್ಲಾಸ್ಟಿಕ್ ಮಾಸ್ಕು.

ಪೈಲಟ್ ಮಾಸ್ಕನ್ನು ಕೈಗೆತ್ತಿಕೊಂಡು ನೋಡಿದವನೇ ಮುಖ ಸಿಂಡರಿಸಿದ. ಎರಡೂ ಕೆನ್ನೆಯ ಮೇಲೆ ತೂತುಗಳಿದ್ದವು! ಸೋಪಿನ ನೊರೆ ಬೇಕೇ ಬೇಡ, ಬರಿಗಣ್ಣಿಗೆ ಕಾಣುವ ಲೀಕು. ಜನ್ಮವಿಡೀ ಲೀಕು ಮುಚ್ಚಿ ಅನ್ನ ತಿಂದವನಿಗೆ ಇದು ಹೇಗೆ ಸಹಿಸೀತು? ಹೆಂಡತಿ ಬೇಡವೆನ್ನುವುದರಲ್ಲಿ ತಪ್ಪೇನಿದೆ, ಇಂಥ ತೂತು ಮಾಸ್ಕಿನಲ್ಲಿ ಯಾರಿಗೆ ನಂಬಿಕೆ ಬರುತ್ತದೆ ಎಂದುಕೊಂಡ. ಗೋಡೆಯ ಮೇಲಿದ್ದವುಗಳಲ್ಲೆಲ್ಲ ಮೃದುವಾದ ರಬ್ಬರಿನದೊಂದನ್ನು ಇಳಿಸಿದ. ಗುಜರಿಯಲ್ಲಿ ಮೊದಲು ಸಿಕ್ಕಿದ್ದ ಆ ಹಸಿರು ಮಾಸ್ಕು, ಅದು ಅವನಿಗೆ ಪ್ರಾಣ. ಅಂಚನ್ನು ಅವಳ ಕೆನ್ನೆಗೆ ಹೊಂದುವಂತೆ ಬಿಸಿನೀರಿನಲ್ಲಿ ಬಾಗಿಸಿ, ಪಟ್ಟಿ ಮೋಟು ಮಾಡಿ, ಯಂತ್ರದ ನಳಿಗೆಗೆ ಸರಿಹೋಗುವ ಹಿತ್ತಾಳೆ ತುಂಡೊಂದನ್ನು ತಿರುವಿ ಕೂರಿಸಿ, ಸಂದಿಸಂದಿಗೂ ನೊರೆ ಹಚ್ಚಿದ. ಒಂದು ಗುಳ್ಳೆ ಏಳಲಿಲ್ಲ. ತನ್ನ ಮುಖಕ್ಕೂ ಕಟ್ಟಿಕೊಂಡು ನೋಡಿದ. ಉಸಿರು ಸರಾಗವಾಗಿ ಬಂತು, ಹೋಯಿತು. ಆದರೆ ಆಗ ಕೊಳವೆಯ ತುದಿ ಯಂತ್ರಕ್ಕೆ ಸೇರಿರಲಿಲ್ಲ, ಬರೀ ಗಾಳಿಗೆ ಬಿಟ್ಟಿತ್ತು. ಅದು ಅವನ ತಲೆಗೆ ಹೊಳೆಯಲಿಲ್ಲ.

ಅಷ್ಟು ಕಷ್ಟಪಟ್ಟಿದ್ದಾರಲ್ಲ ಎಂದು ಅವಳೂ ಒಪ್ಪಿಕೊಂಡಳು. ಕಟ್ಟಿ, ಯಂತ್ರಕ್ಕೆ ಜೋಡಿಸಿ, ಕೈಕಟ್ಟಿ ನಿಂತು ನೋಡಿದ. ಒಂದೆರಡು ಉಸಿರಿಗೇ ಅವಳ ಕಣ್ಣು ಅಗಲವಾಯಿತು. ಆ ಪುಟ್ಟ ಯಂತ್ರ ಕೊಡುವ ಗಾಳಿ ಒಂದು ತುಂಬು ಉಸಿರಿಗೆ ಎಲ್ಲಿ ಸಾಲಬೇಕು, ಹೊರಗಿನ ಗಾಳಿ ಒಳಬರಲು ಇವನು ಒಂದು ಕೂದಲಿನಷ್ಟು ಸಂದಿಯನ್ನೂ ಬಿಟ್ಟಿರಲಿಲ್ಲ. ಅವಳು ಎರಡೂ ಕೈಯಲ್ಲಿ ಪಟ್ಟಿ ಕೀಳಲು ಹೋದಳು. ಬಿಗಿಯಾಗಿ ಕೂತಿತ್ತು, ಬರಲಿಲ್ಲ. ಅವನು ಬಿಚ್ಚುವಷ್ಟರಲ್ಲಿ ತುಟಿ ನೀಲಿಯಾಗಿ, ದಿಂಬಿನ ಮೇಲೆ ಒರಗಿಬಿಟ್ಟಿದ್ದಳು.

ಅದೃಷ್ಟಕ್ಕೆ ವಾರಕ್ಕೊಮ್ಮೆ ನೋಡಿಹೋಗುವ ನರ್ಸಮ್ಮ ಅದೇ ಹೊತ್ತಿಗೆ ಬಂದಳು. ಅವಳನ್ನು ಸುಧಾರಿಸಿ ಕೂರಿಸಿ, ಆಮೇಲೆ ಇವನ ಕಡೆ ತಿರುಗಿದಳು ನೋಡಿ, ಬೀದಿಗೆಲ್ಲ ಕೇಳಿಸಿತು. ಆ ತೂತುಗಳು ಬೇಕೆಂದೇ ಮಾಡಿದ್ದು, ಹೊರಗಿನ ಗಾಳಿ ಒಳಗೆ ಬರಬೇಕು, ಬಿಟ್ಟ ಉಸಿರು ಹೊರಗೆ ಹೋಗಬೇಕು, ನೀವೇನು ಹೆಂಡತಿಯನ್ನು ಕುಕ್ಕರು ಅಂದುಕೊಂಡಿರಾ ಎಂದು ಝಾಡಿಸಿದಳು. ಲೀಕು ಇರಲಿ ಎಂದೇ ಒಂದು ವಸ್ತುವನ್ನು ಯಾರಾದರೂ ಮಾಡುತ್ತಾರೆ ಎಂಬುದು ಅಷ್ಟು ವರ್ಷದಲ್ಲಿ ಅವನಿಗೆ ಕನಸಲ್ಲೂ ಬಂದಿರಲಿಲ್ಲ. ನರ್ಸಮ್ಮ ಹೋದ ಮೇಲೆ ಆ ಹಸಿರು ಮಾಸ್ಕನ್ನು ಅಂಗಡಿಯ ಮೂಲೆಗೆ ಎಸೆದು, ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. ಕೈಯಾರೆ ಕೊಲ್ಲುತ್ತಿದ್ದೆನಲ್ಲ ಎಂಬ ಮಾತು ಅವನ ಎದೆಯಿಂದ ಇಳಿಯಲೇ ಇಲ್ಲ.

ಈಗ ಅವಳ ಹಟ ಇನ್ನೂ ಗಟ್ಟಿಯಾಯಿತು. ಯಾವ ಮಾಸ್ಕೂ ಬೇಡ. ಮಗಳು ಬಂದು ಗದರಿದಳು, ಕಾಲು ಹಿಡಿದಳು, ಎರಡು ದಿನ ಊಟ ಬಿಟ್ಟಳು. ಅಮ್ಮ ಜಗ್ಗಲಿಲ್ಲ. ಮಗಳು ಕಣ್ಣೊರೆಸಿಕೊಂಡು ಬಸ್ಸು ಹತ್ತಿದ ಸಂಜೆ ಪೈಲಟ್ ಅಂಗಡಿಯ ಬಾಗಿಲು ಎಳೆದು, ಒಳಗೆ ಬಂದು ಮಂಚದ ಪಕ್ಕ ಕೂತ. ಯಾಕೆ ಬೇಡ ಎಂದು ಕೇಳಿದ. ಅಷ್ಟು ದಿನ ಎಲ್ಲರೂ ಹಾಕಿಕೋ ಎಂದವರೇ ಹೊರತು ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ.

"ಹಾಕ್ಕೊಂಡ್ರೆ ಮಾತಾಡೋಕಾಗಲ್ಲ ಕಣ್ರೀ," ಎಂದಳು, ನಡುವೆ ನಡುವೆ ಉಸಿರೆಳೆದುಕೊಳ್ಳುತ್ತ. "ನಾನು ಸುಮ್ಮನಾದ್ರೆ ಈ ಮನೇಲಿ ಯಾರು ಮಾತಾಡ್ತಾರೆ? ಗೋಡೆ ಮೇಲೆ ಮೂತಿ ತೂಗಾಕ್ಕೊಂಡಿದಾರಲ್ಲ, ಅವರಾ? ಆ ಗುರ್ ಗುರ್ ಕೇಳ್ಕೊಂಡು ಬಾಯಿ ಮುಚ್ಕೊಂಡು ಬಿದ್ದಿರೋದಾದ್ರೆ, ಬದುಕಿದ್ರೂ ಒಂದೇ ಹೋದ್ರೂ ಒಂದೇ."

ಅವನು ನೆಲ ನೋಡಿದ. ಗೋಡೆ ನೋಡಿದ. "ಹಾಗಾದ್ರೆ ನಾನು ಮಾತಾಡ್ತೀನಿ," ಎಂದ.

"ನೀವಾ?"

"ಹೂಂ."

"ನೋಡಿ, ಅಷ್ಟಕ್ಕೇ ಮುಗೀತು."

ಆದರೂ ಅವಳ ಕಣ್ಣಿನಲ್ಲಿ ಏನೋ ಹೊಳೆಯಿತು. ಸರಿ, ನೀವು ಮಾತಾಡುವಷ್ಟು ಹೊತ್ತು ಹಾಕಿಕೊಳ್ಳುತ್ತೇನೆ, ನಿಲ್ಲಿಸಿದಿರೋ ತೆಗೆಯುತ್ತೇನೆ, ನಾನಾಗಿ ಮಾತ್ರ ಅದನ್ನು ಮುಟ್ಟಿ ಹಾಕಿಕೊಳ್ಳುವುದಿಲ್ಲ ಎಂದು ಷರತ್ತು ಹಾಕಿದಳು. ಅವನು ತೂತಿನ ಮಾಸ್ಕನ್ನು ತಂದು, ಪಟ್ಟಿಯನ್ನು ಮೆತ್ತಗೆ ಕಿವಿಯ ಹಿಂದೆ ಕೂರಿಸಿ, ಗಂಟಲು ಸರಿಮಾಡಿಕೊಂಡ.

ಮಾತಾಡುವುದೆಂದರೆ ಏನು ಮಾತಾಡುವುದು? ಗೊತ್ತಿದ್ದದ್ದು ಹೆಲ್ಮೆಟ್ಟು. ಕಪಾಟಿನ ಒಂದು ತುದಿಯಿಂದ ಶುರು ಮಾಡಿದ. ಇದು ಸಿಕ್ಕಿದ್ದು ಮುಚ್ಚಿಹೋದ ನಾಟಕದ ಕಂಪನಿಯ ಪೆಟ್ಟಿಗೆಯಲ್ಲಿ, ರಾಕ್ಷಸನ ಪಾತ್ರಕ್ಕೆ ಹಾಕುತ್ತಿದ್ದರಂತೆ. ಇದರಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು, ಮರಿಯಾಗುವವರೆಗೂ ಕಾದು ತಂದೆ. ಇದರ ಗಲ್ಲದ ಪಟ್ಟಿ ಎಡಕ್ಕೇ ಸವೆದಿದೆ, ಹಾಕಿಕೊಂಡವನು ಸದಾ ಎಡಕ್ಕೆ ತಿರುಗಿ ನೋಡುತ್ತಿದ್ದ ಅಂತ ಕಾಣುತ್ತದೆ. ಮೊದಮೊದಲು ಮಾತು ತುಕ್ಕು ಹಿಡಿದ ನಲ್ಲಿಯ ನೀರಿನಂತೆ ಬಿಟ್ಟುಬಿಟ್ಟು ಬರುತ್ತಿತ್ತು. ಆಮೇಲೆ ಸರಿಹೋಯಿತು. ಅವಳು ಮಾಸ್ಕಿನೊಳಗೇ ನಗುತ್ತಿದ್ದಳು, ಪ್ಲಾಸ್ಟಿಕ್ಕಿನ ಮೇಲೆ ಮಂಜು ಕಟ್ಟಿ ಕರಗುತ್ತಿತ್ತು. ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರದಲ್ಲಿ ಅಂಕೆ ಮೇಲೇರುವುದನ್ನು ನೋಡಿ ನರ್ಸಮ್ಮ, ಪರವಾಗಿಲ್ಲವೇ ಎಂದಳು.

ಕಪಾಟು ಒಂದು ದಿನ ಮುಗಿಯಲೇಬೇಕಲ್ಲ. ಕೊನೆಯ ಹೆಲ್ಮೆಟ್ಟಿನ ಕಥೆಯೂ ಆಯಿತು. ಎರಡನೆಯ ಸಲ ಮೊದಲಿಂದ ಶುರು ಮಾಡಹೊರಟಾಗ ಅವಳು ಮಾಸ್ಕ್ ಎತ್ತಿ, ಗುಜರಿ ಪುರಾಣ ಸಾಕು, ನಮ್ಮ ವಿಷಯ ಹೇಳಿ ಎಂದಳು.

ಅದಕ್ಕೇನು ಎಂದುಕೊಂಡ ಪೈಲಟ್. ಮೊದಲ ಸಲ ಅವಳನ್ನು ನೋಡಿದ ದಿನದಿಂದ ಆರಂಭಿಸಿದ. ಅಮ್ಮನ ಕುಕ್ಕರ್ ಹಿಡಿದುಕೊಂಡು ಅಂಗಡಿಗೆ ಬಂದಿದ್ದಳು, ಜೋರು ಮಳೆ, ಕಪ್ಪು ಛತ್ರಿ ಹಿಡಿದಿದ್ದಳು. ಅಷ್ಟಕ್ಕೇ ಮಾಸ್ಕ್ ಮೇಲೆದ್ದಿತು. ಛತ್ರಿ ತಂಗಿಯದು, ಅವಳು ಹಿಡಿದುಕೊಂಡು ಮುಂದೆ ನಡೆದಳು, ನಾನು ತೊಪ್ಪೆಯಾಗಿ ಬಂದಿದ್ದೆ, ಇಷ್ಟೂ ನೆನಪಿಲ್ಲವೇ ಎಂದು ಶುರುವಾದದ್ದು ಕೆಮ್ಮಿನಲ್ಲಿ ಮುಗಿಯಿತು. ಅವನು ಗಾಬರಿಯಿಂದ ಮಾಸ್ಕನ್ನು ಮತ್ತೆ ಕೂರಿಸಿದ. ಮರುದಿನ ಮಗಳು ಮೊದಲ ಹೆಜ್ಜೆಯಿಟ್ಟದ್ದು ಹಿತ್ತಲಲ್ಲಿ ಎಂದ. ಮಾಸ್ಕ್ ಎದ್ದಿತು. ಹಿತ್ತಲಲ್ಲವಂತೆ, ಅಂಗಡಿಯಲ್ಲೇ, ಅವನ ಬೆನ್ನ ಹಿಂದೆಯೇ. ಅವನು ತಿರುಗಿ ನೋಡಿರಲಿಲ್ಲ, ಆ ಬಿಳಿ ಹೆಲ್ಮೆಟ್ಟಿನ ಕನ್ನಡಿ ಉಜ್ಜುತ್ತ ಕೂತಿದ್ದನಂತೆ. ಪ್ರತಿ ತಿದ್ದುಪಡಿಗೂ ಅವಳು ಉಸಿರು ತೆರಬೇಕಾಗಿತ್ತು, ಬೆರಳಿನ ಅಂಕೆ ಸರ್ರನೆ ಕೆಳಗಿಳಿಯುತ್ತಿತ್ತು. ಸುಮ್ಮನಿರು ಮಹಾತಾಯಿ, ನಾನು ತಪ್ಪೇ ಹೇಳಿದೆ ಅಂತಿಟ್ಟುಕೋ ಎಂದರೂ ಕೇಳುವವಳಲ್ಲ. ಅವಳ ಬದುಕನ್ನು ತಪ್ಪಾಗಿ ಹೇಳಿದರೆ ಅವಳು ಹೇಗೆ ಬಿಟ್ಟಾಳು?

ಆ ವಾರ ಪೈಲಟ್ಟನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಎಂದೂ ಕಣ್ಣಲ್ಲಿ ಕಾಣದ ಯಾವನೋ ಎಡಕ್ಕೆ ತಿರುಗಿ ನೋಡುತ್ತಿದ್ದ ಎಂದು ಪಟ್ಟಿಯ ಸವೆತದಿಂದ ಹೇಳಬಲ್ಲ. ಆದರೆ ಎದುರಿಗೇ ಓಡಾಡಿಕೊಂಡಿದ್ದ ಹೆಂಡತಿಗೆ ಕೂದಲು ಯಾವಾಗ ಬೆಳ್ಳಗಾಯಿತು, ಅವಳ ಅಪ್ಪ ತೀರಿಕೊಂಡ ದಿನ ಅವಳು ಏನಂದಳು, ಯಾವುದಕ್ಕೆ ಹೆದರುತ್ತಾಳೆ, ಒಂದೂ ಗೊತ್ತಿಲ್ಲ. ಅವಳು ಹೇಳಿರಲಿಲ್ಲ ಎಂದಲ್ಲ. ಎಲ್ಲವನ್ನೂ ಹೇಳಿದ್ದಳು, ಇವನು ಹೂಂ ಎಂದಿದ್ದ.

ಹಾಗಂತ ಕೈಕಟ್ಟಿ ಕೂರುವ ಜಾತಿಯಲ್ಲ ಅವನು. ಇಲ್ಲದ್ದನ್ನು ಹುಡುಕಿ ತರುವುದು ಅವನಿಗೆ ಗೊತ್ತಿದ್ದ ಕೆಲಸವೇ. ಮೊದಲು ಬಸ್ಸು ಹತ್ತಿ ಹೆಂಡತಿಯ ತಂಗಿಯ ಮನೆಗೆ ಹೋದ. ಕೂತು ನೀರು ಕುಡಿದು, ನಿಮ್ಮಕ್ಕ ಚಿಕ್ಕವಳಿದ್ದಾಗ ಹೇಗಿದ್ದಳು, ಸ್ವಲ್ಪ ಹೇಳಮ್ಮ ಎಂದ. ಆಕೆ ಬೆಪ್ಪಾಗಿ ನೋಡಿದಳು. "ಭಾವ, ಮದುವೆಯಾದಾಗಿಂದ ನೀವು ನನ್ನ ಹತ್ರ ಆಡಿದ ಮೊದಲನೇ ಪೂರ್ತಿ ಮಾತು ಇದು," ಎಂದು ಅಳುನಗು ಸೇರಿಸಿಕೊಂಡು ಹೇಳತೊಡಗಿದಳು. ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಹೋಗಿ ಹೊಲಿಗೆ ಯಂತ್ರದ ಎದುರು ಕೂತ. ಮಗಳಿಗೆ ಫೋನು ಮಾಡಿ, ನೀನು ಪರೀಕ್ಷೆಯಲ್ಲಿ ಫೇಲಾದಾಗ ಅಮ್ಮ ನಿನ್ನನ್ನು ಎಲ್ಲಿಗೆ ಕರಕೊಂಡು ಹೋಗಿದ್ದಳು ಎಂದು ವಿಚಾರಿಸಿದ. ಮೊದಲು ಗುಜರಿಯ ರಾಶಿ ಕೆದಕುತ್ತಿದ್ದ ಹಾಗೆಯೇ ಈಗ ಜನರನ್ನು ಕೆದಕುತ್ತಿದ್ದ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ, ಕೊಂಡಿಗೆ ಕೊಂಡಿ ಕೂಡುತ್ತದೋ ನೋಡಿಯೇ ಮನೆಗೆ ತರುತ್ತಿದ್ದ. ಆದರೂ ಒಮ್ಮೊಮ್ಮೆ ಮೋಸ ಹೋಗುತ್ತಿದ್ದ. ಅಕ್ಕ ಮರ ಹತ್ತಿ ಬಿದ್ದಳೆಂದು ತಂಗಿ ಹೇಳಿದ್ದನ್ನು ಹೇಳಿದರೆ, ಬಿದ್ದದ್ದು ಅವಳೇ, ಸುಳ್ಳಿ ಎಂದು ಮಾಸ್ಕ್ ಎತ್ತಿದಳು.

ಚಳಿಗಾಲ ಬಂತು. ಅಂಗಡಿ ಅರ್ಧ ದಿನಕ್ಕೇ ಮುಚ್ಚುತ್ತಿತ್ತು. ಭಾನುವಾರದ ಪೌಡರು ನಿಂತುಹೋಗಿತ್ತು. ಕಿಟಕಿಯ ಹತ್ತಿರದ ಮಾಸ್ಕೊಂದು ಬಿಸಿಲಿಗೆ ಸೀಳಿ ಬಾಯಿ ಬಿಟ್ಟಿತ್ತು. ಹಿಂದಿನ ದಿನಗಳಾಗಿದ್ದರೆ ಊಟ ಬಿಡುತ್ತಿದ್ದ, ಈಗ ನೋಡಿ, ಹೋಗಲಿ ಅತ್ಲಾಗೆ ಎಂದು ಪರದೆ ಎಳೆದ. ಅವನಿಗೆ ಆಗ ಬೇಕಾಗಿದ್ದದ್ದು ಮರುದಿನದ ಮಾತು. ಅವನ ಮಾತಿನ ಮೇಲೆ ಅವಳ ಉಸಿರು ನಿಂತಿತ್ತು, ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

ಆಮೇಲೊಂದು ಸಂಜೆ ಹೇಳಲು ಏನೂ ಉಳಿಯಲಿಲ್ಲ. ತಂಗಿಯ ಬುತ್ತಿ ಖಾಲಿ, ಟೈಲರಮ್ಮನದು ಖಾಲಿ, ಮಗಳದೂ ಖಾಲಿ. ಅಂದು ಬೆಳಗಿನಿಂದ ಅವಳಿಗೆ ಸುಸ್ತು ಬೇರೆ. ಅವನು ನಿಲ್ಲಿಸಿದ. ಯಂತ್ರ ಗುರ್ ಎಂದಿತು. ಅವಳ ಕೈ ಮೆಲ್ಲಗೆ ಪಟ್ಟಿಯ ಕಡೆ ಹೊರಟಿತು. ಅವನು ಅವಸರದಲ್ಲಿ ಬಾಯಿಗೆ ಬಂದದ್ದನ್ನೇ ಶುರು ಮಾಡಿದ.

"ಆ ವರ್ಷ ಒಲೆ ಭಗ್ಗಂತ ಹೊತ್ಕೊಂಡು ನನ್ನ ಕೈ ಸುಟ್ಟಿತ್ತಲ್ಲ," ಎಂದ.

ಕೈ ಅಲ್ಲೇ ನಿಂತಿತು. ಇದು ಅವಳ ನೆಚ್ಚಿನ ಕಥೆ. ಗಂಡ ಒಳಗೆ ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದಾಗ ತಾನು ಸ್ಟೂಲಿನ ಮೇಲೆ ಕೂತು ಅಂಗಡಿ ನಡೆಸಿದ್ದು, ಹೆಂಗಸು ರಿಪೇರಿ ಮಾಡಿದ ಒಲೆ ಸಿಡಿಯುತ್ತದೆ ಎಂದು ಗಿರಾಕಿಗಳು ಹೆದರಿದ್ದು, ಆಮೇಲೆ ಅದೇ ಗಿರಾಕಿಗಳು ಅಕ್ಕಾ ನೀವೇ ನೋಡಿ ಎಂದದ್ದು, ಎಲ್ಲವನ್ನೂ ಅವಳು ಬೀದಿಗೆಲ್ಲ ನೂರು ಸಲ ಹೇಳಿದ್ದಳು. ಅದರಲ್ಲಿ ಇವನು ಒಂದಕ್ಷರ ತಪ್ಪಿದರೂ ಕಥೆ ಮುಗಿದಂತೆಯೇ. ಅವನು ಅವಳ ಕಥೆಯನ್ನು ಮುಟ್ಟಲೇ ಇಲ್ಲ.

"ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಿಂದ ನೀನು ಕಾಣ್ತಿದ್ದೆ," ಎಂದ. "ನೀನು ಮೊದಲ್ನೇ ಸಲ ಒಬ್ಬಳೇ ಒಂದು ಪೈಪು ಬಿಗಿ ಮಾಡಿ ನೊರೆ ಹಚ್ಚಿದೆ. ಬಗ್ಗಿ ನೋಡ್ತಾನೇ ಇದ್ದೆ. ಗುಳ್ಳೆ ಏಳಲಿಲ್ಲ. ಅಂಗಡೀಲಿ ಯಾರೂ ಇರಲಿಲ್ಲ, ನೀನು ಒಬ್ಬಳೇ ನಕ್ಕೆ. ಹುಬ್ಬಿಗೆ ನೊರೆ ಮೆತ್ಕೊಂಡಿತ್ತು, ನಿಂಗೆ ಗೊತ್ತಿರಲಿಲ್ಲ. ನಂಗೆ ಕೈ ಉರೀತಾ ಇತ್ತು, ಪ್ರಾಣ ಹೋಗೋ ಅಷ್ಟು. ಆದ್ರೂ ಅನ್ನಿಸ್ತು, ಈ ಕೈ ಬೇಗ ವಾಸಿಯಾಗೋದು ಬೇಡಪ್ಪ, ಇನ್ನೊಂದಿಷ್ಟು ದಿನ ಹೀಗೇ ಮಲಕ್ಕೊಂಡು ಇವಳನ್ನ ನೋಡ್ತಾ ಇರೋಣ ಅಂತ. ದಿನಾ ನೋಡ್ತಿದ್ದೆ. ನೀನು ಒಳಗೆ ಬಂದ ತಕ್ಷಣ ಕಣ್ಣು ಮುಚ್ಕೋತಿದ್ದೆ."

ಅವಳ ಕೈ ಮಾಸ್ಕನ್ನು ಎತ್ತಿತು.

ಪೈಲಟ್ಟನ ಮುಖ ಇಳಿದುಹೋಯಿತು. "ಏನು ತಪ್ಪಾಯ್ತು? ಹುಬ್ಬಲ್ವಾ? ಕೆನ್ನೆಗಾ ಮೆತ್ಕೊಂಡಿದ್ದು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿಕೊಂಡಿತ್ತು. ಮಾತಿಗಾಗಿ ಅವಳು ಅಷ್ಟು ಹೊತ್ತು ಕಾದದ್ದನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ.

"ತಪ್ಪಿಲ್ಲ," ಎಂದಳು. "ನಂಗೆ ಇದು ಗೊತ್ತೇ ಇರಲಿಲ್ಲ." ಒಂದು ಉಸಿರು ಎಳೆದುಕೊಂಡಳು. "ಇನ್ನೊಂದ್ಸಲ ಹೇಳಿ."

ಪಟ್ಟಿ ಕೂರಿಸಲೆಂದು ಅವನು ಎಂದಿನಂತೆ ಎದ್ದು ಕೈ ಚಾಚಿದ. ಅಷ್ಟರಲ್ಲಿ ಅವಳೇ ಮಾಸ್ಕನ್ನು ಮುಖಕ್ಕೆ ಎಳೆದುಕೊಂಡು, ಪಟ್ಟಿಯನ್ನು ಕಿವಿಯ ಹಿಂದೆ ಸರಿಯಾಗಿ ಕೂರಿಸಿಕೊಂಡು, ದಿಂಬಿಗೆ ಒರಗಿ ಅವನ ಕಡೆ ತಿರುಗಿದಳು.